ಆಯಿಲ್ ಡಬ್ಬದ ಟ್ಯಾಂಕು

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕನ ಮೋಟಾರ್‌ಸೈಕಲ್ಲಿನ ಟ್ಯಾಂಕಿಗೆ ಹಳದಿ ಚೀಟಿ. ಅಂಟಿಸಿದವನು ಬಾಗಿಲು ತಟ್ಟಲಿಲ್ಲ, ಯಾರದೆಂದು ಕೇಳಲಿಲ್ಲ. ಕಳ್ಳನ ಹಾಗೆ ಬಂದು ಗೋಂದು ಬಳಿದು ಹೋಗಿದ್ದಾನೆ. 'ಅನುಪಯುಕ್ತ ವಾಹನ. ಈ ತಿಂಗಳ ಇಪ್ಪತ್ತೈದರಂದು ಸಾರಿಗೆ ಮೈದಾನದಲ್ಲಿ ಎಂಜಿನ್ ಚಾಲೂ ಮಾಡಿ ತೋರಿಸತಕ್ಕದ್ದು. ತಪ್ಪಿದಲ್ಲಿ ನೋಂದಣಿ ರದ್ದುಪಡಿಸಿ ವಾಹನವನ್ನು ಗುಜರಿಗೆ ಒಯ್ಯಲಾಗುವುದು.'

ಅನುಪಯುಕ್ತ! ಈ ಮಾತು ಬರೆಯುವ ಹಕ್ಕು ಇವರಿಗೆ ಯಾರು ಕೊಟ್ಟರು? ನಮ್ಮ ಬೀದಿಯ ತಿರುವಿನ ಗುಂಡಿ ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ವರ್ಷ ಬಿದ್ದದ್ದು. ನಾನು ನಿವೃತ್ತನಾದೆ, ಗುಂಡಿ ಇನ್ನೂ ಸೇವೆಯಲ್ಲಿದೆ. ವಾಚನಾಲಯವನ್ನು ಸುಣ್ಣ ಬಳಿಯಲೆಂದು ಮುಚ್ಚಿದರು. ಬೀಗ ಹಾಕಿದವನ ನೀಲಿ ಅಂಗಿ ನನಗೆ ಇವತ್ತಿಗೂ ನೆನಪಿದೆ, ಸುಣ್ಣವನ್ನು ಮಾತ್ರ ಯಾರೂ ಕಂಡಿಲ್ಲ. ಮನೆಗಳ ನಂಬರು ಎರಡು ಸಲ ಬದಲಿಸಿ ಇಡೀ ಬೀದಿಯ ಅಂಚೆ ಬೇರೆ ಬೀದಿಗೆ ಹೋಗುವಂತೆ ಮಾಡಿದ ಪುಣ್ಯಾತ್ಮರೂ ಇವರೇ. ಉಪಯೋಗಕ್ಕೆ ಬಾರದ್ದು ಯಾವುದೆಂದು ಇವರು ನಮಗೆ ಹೇಳಿಕೊಡಬೇಕು!

ಅಕ್ಕ ಈ ಗಾಡಿಯ ಮೇಲೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವಳು. ಹೆಂಗಸು ಮೋಟಾರ್‌ಸೈಕಲ್ ಓಡಿಸುವುದನ್ನು ನೋಡಲು ಜನ ಅಂಗಡಿಯಿಂದ ಎದ್ದು ಬರುತ್ತಿದ್ದ ಕಾಲ ಅದು. ಈ ಊರಿನ ಅರ್ಧ ಜನ ಭೂಮಿಗೆ ಬಿದ್ದಾಗ ಹಿಡಿದದ್ದು ಅವಳ ಕೈ. ಆ ಚೀಟಿಗೆ ಸಹಿ ಹಾಕಿದ ಮಹಾಶಯನನ್ನೂ ಅವಳೇ ಹಿಡಿದಿರಬಹುದು. ಬಿಟ್ಟಿದ್ದರೆ ಚೆನ್ನಾಗಿತ್ತು.

ಅವಳು ಚೀಟಿ ಓದಿ ನಕ್ಕಳು. "ಗಟ್ಟಿಯಾಗಿ ಅಂಟಿಸಿದ್ದಾನೆ ಕಣೋ. ಬಣ್ಣ ಏಳದ ಹಾಗೆ ಕೀಳು."

"ಅಕ್ಕ, ನಾನು ಪತ್ರಿಕೆಗೆ ಬರೀತೀನಿ."

"ಬರಿ. ಅವರು ಅಚ್ಚು ಹಾಕೋ ಹೊತ್ತಿಗೆ ನನ್ನ ಗಾಡಿ ಕರಗಿ ಮೊಳೆ ಆಗಿರುತ್ತೆ."

"ಮತ್ತೇನು ಮಾಡಬೇಕು?"

"ಸ್ಟಾರ್ಟ್ ಮಾಡಬೇಕು."

ಕೈ ನಡುಗುತ್ತದೆ, ಇನ್ನು ಓಡಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಎರಡು ವರ್ಷದಿಂದ ಗಾಡಿ ಗೋಡೆಗೊರಗಿ ನಿಂತಿದೆ. ನನಗೆ ಸೈಕಲ್ಲಿಗಿಂತ ಮೇಲೆ ಏನೂ ಬರದು. ಸ್ಟಾರ್ಟ್ ಆಗಿ ಅದು ಏನು ಮಾಡಬೇಕು ಅಂದೆ.

"ನಾಡಿ ನೋಡದೆ ನಾನು ಯಾರನ್ನೂ ಸತ್ತರು ಅಂತ ಬರೆಸಿದೋಳಲ್ಲ. ನಾನಿರೋವರೆಗೂ ಇದನ್ನೂ ಹಾಗೆ ಬರೆಯೋಕೆ ಬಿಡಲ್ಲ" ಎಂದಳು. ಹೇಳುತ್ತಾ ಚಹಾವನ್ನು ನನ್ನ ಪುಸ್ತಕದ ಮೇಲೆ ಚೆಲ್ಲಿದಳು. ಲೋಟ ಅಂಚಿನವರೆಗೆ ತುಂಬಿಕೊಳ್ಳಬೇಡ ಎಂದು ಎಷ್ಟು ಸಲ ಬಾಯಿ ಬಡಿದುಕೊಳ್ಳಲಿ?

ಫೆಬ್ರವರಿ 4, ಬುಧವಾರ

ಮೆಕ್ಯಾನಿಕ್‌ನನ್ನು ಕರೆತಂದೆ. ಬಂದವನೇ ಟ್ಯಾಂಕನ್ನು ಬೆರಳಿನಿಂದ ತಟ್ಟಿ, ಮುಚ್ಚಳ ತೆಗೆದು ಮೂಸಿ, ಮುಖ ಸಿಂಡರಿಸಿದ. ಕಂಡಕಂಡ ಕಚೇರಿಗೆ ದೂರು ಬರೆಯುತ್ತೇನೆಂದು ಈ ಮನುಷ್ಯ ನನ್ನನ್ನು ಅರ್ಜಿ ಸಾರ್ ಅನ್ನುತ್ತಾನೆ. ಎದುರಿಗೇ!

"ಅರ್ಜಿ ಸಾರ್, ಇದನ್ನ ತೂಕಕ್ಕೆ ಹಾಕಿ."

"ತೂಕಕ್ಕೆ ಹಾಕೋಕೆ ನಿಮ್ಮನ್ನ ಯಾಕ್ರೀ ಕರೀಬೇಕಿತ್ತು? ತಕ್ಕಡಿಯವನನ್ನ ಕರೀತಿದ್ದೆ."

ಅಕ್ಕ ನಡುವೆ ಬಾಯಿ ಹಾಕಿ ಸರಿಯಾಗಿ ಹೇಳಪ್ಪ ಎಂದಳು. ಅವಳ ಮುಂದೆ ಅವನು ಮೆತ್ತಗಾದ. ಟ್ಯಾಂಕಿನ ಒಳಗೆಲ್ಲ ತುಕ್ಕು, ತಳದಲ್ಲಿ ತೂತು. ಹಳೇ ಪೆಟ್ರೋಲ್ ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಕಟ್ಟಿಕೊಂಡಿದೆ. ಅದನ್ನು ತೊಳೆದರೆ ಸಾಲದು, ಎಂಜಿನ್ ಓಡುತ್ತಿರುವಾಗ ಸ್ಕ್ರೂ ತಿರುಗಿಸಿ ಹದಕ್ಕೆ ತರಬೇಕು. ಓಡಲು ಪೆಟ್ರೋಲ್ ಬೇಕು, ಪೆಟ್ರೋಲಿಗೆ ಟ್ಯಾಂಕು ಬೇಕು, ಟ್ಯಾಂಕು ತಗಡಿನವನ ಹತ್ತಿರ ಹೋಗಬೇಕು.

"ಅಷ್ಟರವರೆಗೆ ಮೇಲಿಂದ ಒಂದು ಟೆಂಪರರಿ ಟ್ಯಾಂಕ್ ನೇತಾಕಿ ಪೈಪ್ ಕೊಟ್ಟುಕೊಳ್ತೀವಿ ಸಾರ್. ಆದ್ರೆ ನಮ್ಮ ಅಂಗಡೀಲಿ ಈಗ ಕಾಲಿಡೋಕೆ ಜಾಗ ಇಲ್ಲ. ಊರಿನ ಮುದಿ ಗಾಡಿಗಳೆಲ್ಲ ಚೀಟಿ ಅಂಟಿಸಿಕೊಂಡು ನನ್ನ ಬಾಗಿಲಲ್ಲೇ ಬಿದ್ದಿವೆ. ನೀವೇ ಒಂದು ಮಾಡ್ಕೊಳಿ. ಸೋರಬಾರದು, ಅಷ್ಟೇ. ಸೋರಿದ್ರೆ ಗಾಡಿ ಜೊತೆ ನೀವೂ ಹೋಗ್ತೀರ."

ನಕ್ಕು ಹೋದ. ಊರಿಗೆಲ್ಲ ಚೀಟಿ ಅಂಟಿಸಿ, ಊರಿನ ಒಬ್ಬನೇ ಒಬ್ಬ ಮೆಕ್ಯಾನಿಕ್‌ನನ್ನು ಹುಚ್ಚನನ್ನಾಗಿಸಿ, ಮೂರು ವಾರದ ಗಡುವು ಕೊಟ್ಟು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿರುವವರಿಗೆ ಯಾವ ಚೀಟಿ ಅಂಟಿಸುವುದು?

ಫೆಬ್ರವರಿ 6, ಶುಕ್ರವಾರ

ಟ್ಯಾಂಕು ಬಿಚ್ಚಿ ತಗಡಿನವನಿಗೆ ಕೊಟ್ಟು ಬಂದೆ. ಟ್ಯಾಂಕಿಲ್ಲದ ಮೋಟಾರ್‌ಸೈಕಲ್ ಪಕ್ಕೆಲುಬು ಕಾಣುವ ನಾಯಿಯ ಹಾಗಿದೆ.

ಕಾರ್ಬೊರೇಟರ್ ಬಿಚ್ಚಿದೆವು. ಬಿಚ್ಚಿದ್ದು ನಾನು, ಅಕ್ಕ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅಪ್ಪಣೆ ಮಾಡಿದಳು. ಕೆಳಗಿನ ಬಟ್ಟಲಿನಲ್ಲಿ ಕಂದು ಬಣ್ಣದ ಅಂಟು, ಅದರಲ್ಲಿ ಒಂದು ಸತ್ತ ಇರುವೆ. ಪೈಲಟ್ ಜೆಟ್ ಎಂಬ ಹಿತ್ತಾಳೆಯ ತುಣುಕಿನ ಮಧ್ಯೆ ಕೂದಲಿನಷ್ಟು ತೂತಿದೆಯಂತೆ. ಬೆಳಕಿಗೆ ಹಿಡಿದರೆ ಕುರುಡು. ನಾನು ಸೂಜಿ ತಂದೆ.

"ಚುಚ್ಚಬೇಡ! ತೂತು ದೊಡ್ಡದಾಯ್ತು ಅಂದ್ರೆ ಮುಗೀತು. ನೆನೆಹಾಕಿ ಊದು."

"ಊದಿದರೆ ಹೋಗುತ್ತಾ ಇದು?"

"ಮಕ್ಕಳ ಮೂಗೇ ಊದಿ ಬಿಡಿಸಿದೀನಿ, ಇದೇನು ಮಹಾ."

ಊದಿದೆ. ಬಾಯೆಲ್ಲ ಪೆಟ್ರೋಲ್ ಕಹಿ. ಮಧ್ಯಾಹ್ನದ ಹೊತ್ತಿಗೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅವಳು ಕೊಡಿಲ್ಲಿ ಎಂದು ಜೆಟ್ ತೆಗೆದುಕೊಂಡಳು, ಕೈಯಿಂದ ಹಾರಿತು. ಅಂಗಳದ ಮಣ್ಣನ್ನೆಲ್ಲ ಜರಡಿ ಹಿಡಿದು ಹುಡುಕಬೇಕಾಯಿತು. ಸಿಟ್ಟು ನೆತ್ತಿಗೇರಿ, ಇನ್ನು ಮೇಲೆ ಬಾಯಲ್ಲಿ ಹೇಳು, ಯಾವುದಕ್ಕೂ ಕೈ ಹಾಕಬೇಡ ಎಂದು ಗದರಿದೆ. ಎರಡೂ ಕೈಯನ್ನು ಮಡಿಲಲ್ಲಿ ಅದುಮಿಕೊಂಡು ಸುಮ್ಮನೆ ಕೂತಳು. ಸುಮ್ಮನಿರುವವಳಲ್ಲ. ಅದೂ ಒಂದು ಕೋಪ ಬರಿಸಿತು.

ಫೆಬ್ರವರಿ 8, ಭಾನುವಾರ

ನೀರಿನ ಬಾಟಲಿಯ ತಳಕ್ಕೆ ತೂತು ಮಾಡಿ ಪೈಪು ತೂರಿಸಿ ಸುತ್ತ ಗೋಂದು ಹಚ್ಚಿದೆ. ಪೊಟ್ಟಣದ ಮೇಲೆ 'ಎಲ್ಲವನ್ನೂ ಅಂಟಿಸುತ್ತದೆ' ಎಂದು ಬರೆದಿತ್ತು. ಪೆಟ್ರೋಲ್ ಸುರಿದು ಬಟ್ಟೆ ಒಣಹಾಕುವ ಕಂಬಕ್ಕೆ ನೇತುಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗೋಂದು ಬೆಣ್ಣೆಯ ಹಾಗೆ ಕರಗಿ, ಪೈಪು ಕಳಚಿ, ಪೆಟ್ರೋಲೆಲ್ಲ ನನ್ನ ಚಪ್ಪಲಿಯ ಮೇಲೆ. ಬಕೆಟ್ಟಿನಲ್ಲಿ ಮರಳು ತಂದು ಸುರಿದೆ. ಮಹಡಿಯ ಮೇಲಿನ ಮನೆಯವನು ಕಿಟಕಿಯಿಂದ ಇಣುಕಿ, ಏನು, ಬೀದಿಗೇ ಬೆಂಕಿ ಇಡ್ತೀರಾ ಎಂದ. ಇಡುವ ಮನಸ್ಸಿದ್ದರೆ ಮೊದಲು ಎಲ್ಲಿಂದ ಶುರು ಮಾಡುತ್ತೇನೆಂದು ಹೇಳಿದೆ. ಕಿಟಕಿ ಮುಚ್ಚಿದ.

ಸುಳ್ಳು ಬರೆಯುವುದಕ್ಕೆ ಈಗ ಕಚೇರಿಯೇ ಬೇಕಿಲ್ಲ. ಗೋಂದಿನ ಪೊಟ್ಟಣವೂ ಬರೆಯುತ್ತದೆ.

ಫೆಬ್ರವರಿ 11, ಬುಧವಾರ

ಇದೋ, ಇದು ಟ್ಯಾಂಕು. ಮೆಕ್ಯಾನಿಕ್‌ನ ಅಂಗಡಿಯ ಹಿಂದೆ ಬಿದ್ದಿದ್ದ ಎಂಜಿನ್ ಆಯಿಲ್ ಡಬ್ಬ, ದಪ್ಪ ಪ್ಲಾಸ್ಟಿಕ್ಕಿನದು, ಪೆಟ್ರೋಲಿಗೆ ಜಗ್ಗುವುದಿಲ್ಲ. ತಳಕ್ಕೆ ತೂತು ಕೊರೆದು ಹಿತ್ತಾಳೆಯ ಪುಟ್ಟ ನಲ್ಲಿ ಕೂರಿಸಿದೆ. ಒಳಗೊಂದು ಹೊರಗೊಂದು ರಬ್ಬರ್ ವಾಷರ್, ಎರಡೂ ಕಡೆಯಿಂದ ನಟ್ಟು. ಗೋಂದಿನ ಹಂಗೇ ಇಲ್ಲ. ನಲ್ಲಿಗೆ ಪೆಟ್ರೋಲ್ ಪೈಪು, ಮಧ್ಯೆ ಕಸ ಹಿಡಿಯುವ ಸಣ್ಣ ಫಿಲ್ಟರು, ತುದಿಗಳಿಗೆ ಕ್ಲಿಪ್ಪು. ಮುಚ್ಚಳದ ಒಳಗೂ ವಾಷರ್ ಹಾಕಿ, ಮೇಲೆ ಟೇಪು ಸುತ್ತಿ, ಬಿಗಿದೆ ಅಂದರೆ ಬಿಗಿದೆ. ಪತ್ರಿಕೆಗೆ ಬರೆಯಲೆಂದು ತೆಗೆದಿಟ್ಟಿದ್ದ ಹಾಳೆಯನ್ನೇ ಸುರುಳಿ ಸುತ್ತಿ ಆಲಿಕೆ ಮಾಡಿ ಪೆಟ್ರೋಲ್ ಸುರಿದೆ.

ಡಬ್ಬದ ಕೆಳಗೆ ಬಿಳಿ ಕಾಗದ ಹಾಸಿ ಇಡೀ ದಿನ ನೇತುಹಾಕಿದೆ. ಒಂದು ಹನಿಯ ಕಲೆ ಇಲ್ಲ. ಊರಿನ ನೀರಿನ ತೊಟ್ಟಿ ಕಟ್ಟಿದವರನ್ನು ಕರೆದು ತೋರಿಸಬೇಕು.

ಅಕ್ಕನಿಗೆ ಚಹಾ ಕೊಟ್ಟೆ. ಅರ್ಧ ಲೋಟ. ಅವಳಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ನಾನೇ ಅಳೆದು ಹಾಕುತ್ತೇನೆ, ಎರಡು ಸಲ ಕೊಟ್ಟರಾಯಿತು.

ಫೆಬ್ರವರಿ 12, ಗುರುವಾರ

ಸ್ಟಾರ್ಟ್ ಆಯಿತು!

ಚೋಕ್ ಎಳೆದು, ಅಕ್ಕ ಹೇಳಿದಂತೆ ಕಿಕ್ಕರನ್ನು ಮೆಲ್ಲಗೆ ಎರಡು ಸಲ ಒತ್ತಿ ಮೂರನೆಯದಕ್ಕೆ ಮೈಭಾರ ಬಿಟ್ಟೆ. ಕೆಮ್ಮಿತು, ಸೀನಿತು, ಹಿಡಿಯಿತು. ಅಕ್ಕ ಒಳಗಿನಿಂದ ಏನೋ ಕೂಗಿದಳು, ಕೇಳಿಸಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಆರಿತು.

ಆಮೇಲೆ ಎಷ್ಟು ಹೊಡೆದರೂ ಇಲ್ಲ. ಪೆಟ್ರೋಲ್ ಮುಗಿಯಿತೇನೋ ಎಂದು ಮುಚ್ಚಳ ತೆಗೆದೆ, ಉಸ್ ಎಂದಿತು. ಡಬ್ಬದ ತುಂಬ ಪೆಟ್ರೋಲಿದೆ. ಮುಚ್ಚಿ ಬಿಗಿದು ಕಿಕ್ ಹೊಡೆದರೆ ಮತ್ತೆ ಹಿಡಿಯಿತು. ಮತ್ತೆ ಆರಿತು. ಸಂಜೆಯವರೆಗೆ ಇದೇ ಆಟ. ನೋಡಿದರೆ ಡಬ್ಬದ ಪಕ್ಕೆ ಬೇರೆ ಒಳಗೆ ಸೆಳೆದುಕೊಂಡಿದೆ. ಡಬ್ಬ ಮಾಡುವವರೂ ಪ್ಲಾಸ್ಟಿಕ್ ಕದಿಯಲು ಕಲಿತಿದ್ದಾರೆ.

ಫೆಬ್ರವರಿ 14, ಶನಿವಾರ

ಕಾರ್ಬೊರೇಟರ್ ಮತ್ತೆ ಬಿಚ್ಚಿದೆ, ಮತ್ತೆ ತೊಳೆದೆ. ಏನೂ ಕಟ್ಟಿಲ್ಲ. ಪ್ಲಗ್ ಬದಲಿಸಿದೆ. ಅದೇ ಕಥೆ.

ಪೆಟ್ರೋಲಿನದೇ ಮೋಸವೆಂದು ಖಾತ್ರಿಯಾಗಿ ಬಂಕಿಗೆ ಹೋಗಿ ಪರೀಕ್ಷೆ ಮಾಡಿ ತೋರಿಸಿ ಎಂದೆ. ಬಂಕಿನವನು ಮೊದಲು ನಕ್ಕ. ಗ್ರಾಹಕ ಕೇಳಿದರೆ ಶೋಧಕ ಕಾಗದದ ಮೇಲೆ ಹನಿ ಬಿಟ್ಟು ತೋರಿಸಬೇಕು ಎಂದು ಗೋಡೆಯ ಮೇಲೆ ನಿಮ್ಮವರೇ ಬರೆಸಿದ್ದಾರೆ, ಓದು ಎಂದೆ. ಹನಿ ಬಿಟ್ಟ. ಕಲೆ ಇಲ್ಲದೆ ಆರಿಹೋಯಿತು. ಪೆಟ್ರೋಲ್ ಸರಿಯಾಗಿದೆ. ಹಿಂದೆ ನಿಂತ ವಾಹನಗಳೆಲ್ಲ ಹಾರ್ನ್ ಹೊಡೆದವು. ಸರಿಯಾಗಿದ್ದದ್ದಕ್ಕೂ ಕೋಪ ಬರುತ್ತದೆಂದು ಇವತ್ತು ತಿಳಿಯಿತು.

ಅಕ್ಕ ಮಂಚದಿಂದಲೇ, ಬಂದು ನೋಡಲೇನೋ ಎಂದಳು. ಬಿಸಿಲಿದೆ, ಬೇಡ ಎಂದೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕೇಳಿದರೆ ಹಸಿವಿಲ್ಲ ಅನ್ನುತ್ತಾಳೆ.

ಫೆಬ್ರವರಿ 15, ಭಾನುವಾರ

ಇವತ್ತೂ ಅದೇ. ಎಲ್ಲ ಹಾಳಾಗಿ ಹೋಗಲಿ.

ಫೆಬ್ರವರಿ 17, ಮಂಗಳವಾರ

ಅಕ್ಕನಿಗೆ ಜ್ವರ. ನಿನ್ನೆ ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ಕೆಂಡ, ಮಾತು ತೊದಲು. ಆಸ್ಪತ್ರೆಗೆ ಸೇರಿಸಿದೆ. ಅಲ್ಲಿನವರು ಮೈಯಲ್ಲಿ ನೀರಿನಂಶವೇ ಇಲ್ಲ, ಸೋಂಕು ಬೇರೆ, ಯಾಕಿಷ್ಟು ತಡ ಮಾಡಿದಿರಿ ಎಂದು ನನ್ನನ್ನೇ ಗದರಿದರು. ಲಿಫ್ಟ್ ಕೆಟ್ಟಿದೆ. ನೋಡಲು ಬಂದವರು ಕೂರಲು ಕುರ್ಚಿಯಿಲ್ಲ. ಗೋಡೆಯ ಮೇಲೆ 'ಮೌನವಿರಲಿ' ಎಂದು ಬರೆದಿದೆ, ಅದರ ಕೆಳಗೇ ಇಬ್ಬರು ಕಿರುಚಾಡುತ್ತಿದ್ದಾರೆ. ಒಬ್ಬ ನಾನು.

ಅವಳು ಯಾವಾಗ ಇಷ್ಟು ಚಿಕ್ಕವಳಾದಳೋ. ಹಾಸಿಗೆಯಲ್ಲಿ ಅರ್ಧ ಜಾಗ ಖಾಲಿ.

ಫೆಬ್ರವರಿ 18, ಬುಧವಾರ

ಜ್ವರ ಇಳಿದಿದೆ. ಕಣ್ಣು ಬಿಟ್ಟಳು. ಗ್ಲೂಕೋಸ್ ಹತ್ತಿಸಿದ್ದರು. ನಾನು ಹನಿ ಎಣಿಸುತ್ತಾ ಕೂತಿದ್ದೆ. ನಡುವೆ ಹನಿ ನಿಂತಿತು. ಕೂಗಿ ಸಿಸ್ಟರನ್ನು ಕರೆದೆ. ಆಕೆ ಬಂದವಳೇ ಜೇಬಿನಿಂದ ಒಂದು ಸೂಜಿ ತೆಗೆದು ನೇತಾಡುತ್ತಿದ್ದ ಬಾಟಲಿಯ ನೆತ್ತಿಗೆ ಚುಚ್ಚಿಬಿಟ್ಟಳು.

"ಏನ್ರೀ ಮಾಡ್ತಿದೀರ? ಒಳ್ಳೇ ಬಾಟಲಿಗೆ ತೂತು ಮಾಡ್ತೀರಲ್ಲ! ಒಳಗೆ ಗಾಳಿ ಹೋಗಲ್ವಾ?"

"ಹೋಗಲಿ ಅಂತಾನೇ ಸಾರ್. ಗಾಳಿ ಒಳಗೆ ಹೋಗದೆ ನೀರು ಕೆಳಗೆ ಇಳಿಯಲ್ಲ."

ಹನಿ ಬೀಳತೊಡಗಿತು. ನನಗೆ ನಮ್ಮ ಡಬ್ಬ ನೆನಪಾಯಿತು. ಉಸ್ ಎಂದ ಮುಚ್ಚಳ, ಸೆಳೆದುಕೊಂಡ ಡಬ್ಬದ ಪಕ್ಕೆ, ಮುಚ್ಚಳ ತೆಗೆದಾಗಲೆಲ್ಲ ಹಿಡಿದು ಬಿಗಿದಾಗಲೆಲ್ಲ ಆರಿದ ಎಂಜಿನ್.

ಅಕ್ಕ ಕಣ್ಣು ಮುಚ್ಚಿಕೊಂಡೇ, "ಲೋ, ಮುಚ್ಚಳಕ್ಕೆ ತೂತು ಮಾಡಿಲ್ವೇನೋ ನೀನು?" ಎಂದಳು.

"ನೀನು ಹೇಳಲೇ ಇಲ್ಲ."

"ನಿನ್ನ ಮುಚ್ಚಳ ನಾನೆಲ್ಲಿ ನೋಡಿದೆ? ಕೈ ಹಾಕಬೇಡ ಅಂದೆ, ಬಿಸಿಲಿದೆ ಬೇಡ ಅಂದೆ."

ನಗಲು ಹೋಗಿ ಕೆಮ್ಮಿದಳು. ಸಿಸ್ಟರು ನನ್ನನ್ನು ಹೊರಗೆ ಕಳಿಸಿದರು, ಪೇಷಂಟನ್ನು ನಗಿಸಬಾರದಂತೆ. ನಾನು ಯಾವಾಗ ಯಾರನ್ನು ನಗಿಸಿದ್ದೇನೆ?

ಫೆಬ್ರವರಿ 19, ಗುರುವಾರ

ಮುಚ್ಚಳವನ್ನಷ್ಟೇ ಅಡುಗೆಮನೆಗೆ ಒಯ್ದು ಕಾಯಿಸಿದ ಸೂಜಿಯಿಂದ ಒಂದು ತೂತು. ಇಷ್ಟೇ. ಇಷ್ಟಕ್ಕೆ ಒಂದು ವಾರ, ಬಂಕಿನವನ ಜೊತೆ ಜಗಳ.

ಎಂಜಿನ್ ಹಿಡಿದದ್ದು ಆರಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿ ಸೈಲೆನ್ಸರಿನ ಪಕ್ಕ ಹಿಡಿದೆ.

"ಏರ್ ಜಾಸ್ತಿ ಆಗಿದೆ" ಎಂದಳು. "ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆ ನೋಡು. ಒಳಗೆ ತಿರುಗಿಸು. ಸ್ವಲ್ಪ. ಸ್ವಲ್ಪ ಅಂದ್ರೆ ಸ್ವಲ್ಪ ಕಣೋ, ಬಾಗಿಲ ಚಿಲಕ ಅಲ್ಲ ಅದು. ಹಾಂ. ಈಗ ರೇಸ್ ಮಾಡಿ ಬಿಡು. ಕೇಳಿಸ್ತಾ ಇದೆಯಾ? ಬಿಟ್ಟ ತಕ್ಷಣ ಬಿಕ್ಕಳಿಸುತ್ತೆ. ಇನ್ನೊಂದು ಕೂದಲಷ್ಟು."

ಪೂರ್ತಿ ಹದಕ್ಕೆ ಬರುವವರೆಗೆ ಬಿಡಲಿಲ್ಲ. ಕೊನೆಗೆ ಎಂಜಿನ್ ತಡವರಿಸದೆ ಒಂದೇ ಸಮ ಓಡತೊಡಗಿದಾಗ ಫೋನಿನಲ್ಲಿ ಅವಳು ಮಾತಾಡಲಿಲ್ಲ. ಕಟ್ ಆಯಿತೇನೋ ಎಂದು ಹಲೋ ಹಲೋ ಎಂದೆ.

"ಸುಮ್ನಿರೋ. ಕೇಳ್ತಾ ಇದೀನಿ" ಎಂದಳು.

ಫೆಬ್ರವರಿ 22, ಭಾನುವಾರ

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಸೋಂಕು ಹೋಗುತ್ತೆ, ಆದರೆ ನಡುಕ ಕೈಯಲ್ಲೇ ನಿಲ್ಲಲ್ಲ, ಇನ್ನು ಮುಂದೆ ಅವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ ಎಂದರು. ಯಾರು ಬಿಡುತ್ತೇವೆಂದರು? ಹೇಳುವ ಧಾಟಿ ನೋಡು! ಔಷಧದ ಪ್ರಮಾಣ ಯಾಕೆ ಮೊದಲೇ ಏರಿಸಲಿಲ್ಲ, ಮುಂದೇನಾಗುತ್ತದೆ, ಎಷ್ಟು ಕಾಲ ಎಂದು ಕೇಳಿದೆ. ಡಾಕ್ಟರು ನನ್ನ ಭುಜ ಮುಟ್ಟಿದರು. ಉತ್ತರ ಗೊತ್ತಿಲ್ಲದವರೆಲ್ಲ ಭುಜ ಮುಟ್ಟುತ್ತಾರೆ.

ಅಕ್ಕನ ರವಿಕೆಯ ಗುಂಡಿಗಳು ತುಂಬ ಸಣ್ಣವು. ಮುಂದಿನ ಸಲ ಟೈಲರಿಗೆ ಹೇಳಿ ದೊಡ್ಡ ಕೊಕ್ಕೆ ಹಾಕಿಸಬೇಕು. ನನ್ನ ಬೆರಳಿಗೇ ಸಿಗುವುದಿಲ್ಲ.

ಫೆಬ್ರವರಿ 24, ಮಂಗಳವಾರ

ತಗಡಿನವನು ಟ್ಯಾಂಕು ಕೊಡಲಿಲ್ಲ. ತಳವೆಲ್ಲ ಜರಡಿಯಂತೆ, ಹೊಸ ತಗಡು ಕೂರಿಸಬೇಕು, ಬರುವ ತಿಂಗಳು ಬನ್ನಿ ಎನ್ನುತ್ತಾನೆ. ನಾಳೆಯೇ ಮೈದಾನ. ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು ಅವನು, ಇಡೀ ಊರು ನಾಳೆ ನಾಳೆ ಅಂತಿದೆ ಯಜಮಾನ್ರೇ, ನನಗಿರೋದು ಎರಡೇ ಕೈ ಎಂದ. ಅವನ ಹಿಂದೆ ಟ್ಯಾಂಕುಗಳ ರಾಶಿ ನನ್ನ ಎದೆಯ ಮಟ್ಟಕ್ಕಿತ್ತು.

ಡಬ್ಬ ಹೊತ್ತುಕೊಂಡೇ ಹೋಗುತ್ತೇನೆ. ಆದೇಶದ ಪ್ರತಿ ತರಿಸಿ ಅಕ್ಷರ ಬಿಡದೆ ಓದಿದ್ದೇನೆ. ಭಾಷಣ ಮೂರು ಪುಟ ಬರೆದು ಬಾಯಿಪಾಠ ಮಾಡಿದ್ದೇನೆ. ಬೀದಿಯ ಗುಂಡಿಯಿಂದ ಶುರುವಾಗುತ್ತದೆ.

ಫೆಬ್ರವರಿ 25, ಬುಧವಾರ

ಹ್ಯಾಂಡಲ್ಲಿಗೆ ಮುರಿದ ಕೊಡೆಯ ಕೋಲು ಕಟ್ಟಿ, ಅದರ ತುದಿಗೆ ಡಬ್ಬ ಕಟ್ಟಿ, ಗಾಡಿಯನ್ನು ತಳ್ಳಿಕೊಂಡು ಹೋದೆ. ದಾರಿಯುದ್ದ ಜನ ನಕ್ಕರು. ನಕ್ಕವರಲ್ಲಿ ಅಕ್ಕನ ಕೈಯಲ್ಲಿ ಹುಟ್ಟಿದವರು ಎಷ್ಟು ಮಂದಿಯೋ.

ಮೈದಾನದ ಒಂದು ಬದಿ ಸಾಲು, ಇನ್ನೊಂದು ಬದಿ ಕ್ರೇನು. ತೋರಿಸಲಾಗದ ಗಾಡಿಗಳನ್ನು ಕ್ರೇನು ಕುತ್ತಿಗೆ ಹಿಡಿದ ಬೆಕ್ಕಿನ ಮರಿಯಂತೆ ಎತ್ತಿ ಲಾರಿಗೆ ಎಸೆಯುತ್ತಿತ್ತು. ಒಂದೊಂದು ಬಿದ್ದಾಗಲೂ ಸಾಲಿನಲ್ಲಿದ್ದವರೆಲ್ಲ ಆ ಕಡೆ ನೋಡುತ್ತಿದ್ದರು. ಶಾಮಿಯಾನದ ಕೆಳಗೆ ಇನ್ಸ್‌ಪೆಕ್ಟರು. ನನ್ನ ಸರದಿ ಬಂದಾಗ ಡಬ್ಬಕ್ಕೆ ಪೆನ್ನಿನಿಂದ ಬಡಿದರು.

"ಏನಿದು?"

"ತಾತ್ಕಾಲಿಕ ಟ್ಯಾಂಕು."

"ಟ್ಯಾಂಕೇ ಇಲ್ಲದ್ದು ಗಾಡಿ ಹೇಗಾಗುತ್ತೆ ಯಜಮಾನ್ರೇ? ಇದು ಗ್ಲೂಕೋಸ್ ಹಾಕಿರೋ ಪೇಷಂಟು. ಹೋಗಿ ಆ ಕಡೆ ನಿಲ್ಲಿಸಿ."

ಗುಮಾಸ್ತರು ನಕ್ಕರು. ಕ್ರೇನಿನವನು ಕೊಕ್ಕೆ ಈ ಕಡೆ ತಿರುಗಿಸಿದ. ಮೂರು ಪುಟ ಬಾಯಿಪಾಠ ಮಾಡಿದ್ದೆ. ಗುಂಡಿ, ವಾಚನಾಲಯ, ಮನೆ ನಂಬರು, ಒಂದೂ ಬಾಯಿಗೆ ಬರಲಿಲ್ಲ.

"ಗ್ಲೂಕೋಸ್ ಹಾಕಿರೋರನ್ನ ಸತ್ತರು ಅಂತ ಬರೀತಾರೇನ್ರೀ ನಿಮ್ಮಲ್ಲಿ?" ಎಂದೆ. "ಈ ಗಾಡಿ ನಮ್ಮಕ್ಕನದು. ಅವಳೂ ಆಸ್ಪತ್ರೇಲಿ ಗ್ಲೂಕೋಸ್ ಹಾಕಿಸ್ಕೊಂಡು ಮಲಗಿದಾಳೆ. ಹೋಗಿ, ಅವಳಿಗೂ ಒಂದು ಹಳದಿ ಚೀಟಿ ಅಂಟಿಸಿ ಬನ್ನಿ!"

ಯಾರೂ ನಗಲಿಲ್ಲ. ನಾನು ನಲ್ಲಿ ತಿರುಗಿಸಿ ಕಿಕ್ ಹೊಡೆದೆ. ಮೊದಲ ಹೊಡೆತಕ್ಕೇ ಹಿಡಿಯಿತು. ಆದೇಶದ ಪ್ರತಿಯನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಟ್ಯಾಂಕು ಎಲ್ಲಿದೆ ತೋರಿಸಿ ಎಂದೆ.

ಹಿಂದೆ ಸ್ಕೂಟರ್ ಹಿಡಿದು ನಿಂತಿದ್ದ ಹೆಂಗಸು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ಟೈಲರಿರಬೇಕು, "ಹೌದು ಸಾರ್, ನಾನೂ ಓದಿದೀನಿ. ಎಂಜಿನ್ ಅಂತ ಇದೆ. ಟ್ಯಾಂಕ್ ಅನ್ನೋ ಮಾತೇ ಇಲ್ಲ" ಎಂದಳು. ಸಾಲಿನಲ್ಲಿ ಹೌದು ಹೌದು ಎಂದು ಗುಜುಗುಜು ಎದ್ದಿತು. ಇನ್ಸ್‌ಪೆಕ್ಟರು ಎದ್ದು ಹೋಗಿ ಯಾರಿಗೋ ಫೋನ್ ಮಾಡಿದರು. ಮಾಡುವಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು, ಅಕ್ಕ ಹೊಂದಿಸಿಕೊಟ್ಟ ಅದೇ ಹದದಲ್ಲಿ, ಒಂದು ಬಿಕ್ಕಳಿಕೆ ಇಲ್ಲದೆ. ವಾಪಸು ಬಂದು ನನ್ನ ಮುಖ ನೋಡದೆ ಗುಮಾಸ್ತನಿಗೆ, "ಬರ್ಕೊಳಯ್ಯ, ಚಾಲನೆಯಲ್ಲಿದೆ" ಎಂದರು.

ಹೊರಡಬೇಕೆಂದಿದ್ದೆ. ಟೈಲರಮ್ಮ ಹತ್ತಿರ ಬಂದು ಮೆಲ್ಲಗೆ, "ಅಣ್ಣ, ನನ್ನ ಟ್ಯಾಂಕೂ ತೂತು. ಆ ಡಬ್ಬ ಸ್ವಲ್ಪ ಕೊಡ್ತೀರಾ?" ಎಂದಳು.

ಕೊಟ್ಟೆ. ಅವಳ ಸ್ಕೂಟರಿಗೆ ಪೈಪು ಹೊಂದಿಸಲು ಒದ್ದಾಡುತ್ತಿದ್ದಾಗ ಮೆಕ್ಯಾನಿಕ್ ಎಲ್ಲಿಂದಲೋ ಬಂದ. ಡಬ್ಬವನ್ನು ತಿರುಗಿಸಿ ನೋಡಿ, "ಸಾರ್, ಮುಚ್ಚಳಕ್ಕೆ ತೂತು ಬಿಟ್ಟಿದೀರಿ ತಾನೆ? ಅವತ್ತು ಹೇಳೋಕೆ ಮರೆತೆ" ಎಂದ. ಅದಿಲ್ಲದೆ ಹೇಗ್ರೀ ಓಡುತ್ತೆ ಎಂದೆ, ಹುಟ್ಟಿದಾಗಿನಿಂದ ತಿಳಿದವನ ಹಾಗೆ.

ಸ್ಕೂಟರ್ ಹಿಡಿಯಿತು. ಆಮೇಲೆ ಬೀಗ ರಿಪೇರಿಯ ಮುದುಕನದು. ಅದರ ಹಿಂದಿನದು, ಅದರ ಹಿಂದಿನದು. ನಾನು ಡಬ್ಬ ಎತ್ತಿ ಹಿಡಿಯುವುದು, ಮೆಕ್ಯಾನಿಕ್ ಪೈಪು ಸಿಕ್ಕಿಸುವುದು, ಟೈಲರಮ್ಮ ಸಾಲಿನವರಿಂದ ಪೆಟ್ರೋಲ್ ಎತ್ತುವುದು. ಎಲ್ಲವೂ ಹಿಡಿಯಲಿಲ್ಲ. ಹಿಡಿಯದವನ್ನು ಕ್ರೇನು ಒಯ್ದಿತು. ಆದರೆ ಮಧ್ಯಾಹ್ನದ ಮೇಲೆ ಕ್ರೇನಿನವನಿಗೆ ನಿದ್ದೆ ಮಾಡುವಷ್ಟು ಪುರುಸೊತ್ತು ಸಿಕ್ಕಿತು. ಸಾಲು ನಾಳೆಗೂ ಇದೆ. ಡಬ್ಬವನ್ನು ಟೈಲರಮ್ಮನ ಕೈಗೆ ಕೊಟ್ಟು ಬಂದೆ.

ಆಸ್ಪತ್ರೆಯಲ್ಲಿ ಸಿಸ್ಟರು ಬಾಗಿಲಲ್ಲೇ ತಡೆದು, ಪೆಟ್ರೋಲ್ ವಾಸನೆ, ಕೈಕಾಲು ತೊಳೆದು ಬನ್ನಿ ಎಂದರು. ತೊಳೆದು ಬಂದೆ.

"ಏನಾಯ್ತು?" ಎಂದಳು ಅಕ್ಕ.

"ಚಾಲನೆಯಲ್ಲಿದೆ ಅಂತ ಬರೆದರು."

"ಬೈದೆಯಾ?" ಎಂದಳು.

"ಒಂದೇ ಮಾತು."

"ನೀನು? ಒಂದೇ ಮಾತು? ಏನಂದೆ?"

ಮರೆತೆ ಎಂದೆ.

ಮಾರ್ಚ್ 5, ಗುರುವಾರ

ಅಕ್ಕ ಮನೆಗೆ ಬಂದು ಎರಡು ದಿನ. ನಡೆಯಲು ನನ್ನ ತೋಳು ಬೇಕು. ಬಾಗಿಲಿನ ಹೊಸ್ತಿಲು ಎತ್ತರ ಮಾಡಿದ ಬಡಗಿ ಎದುರಿಗೆ ಸಿಕ್ಕಿದ್ದರೆ ಇವತ್ತು ಒಂದು ಕೈ ನೋಡುತ್ತಿದ್ದೆ.

ಟ್ಯಾಂಕು ಇನ್ನೂ ತಗಡಿನವನ ಹತ್ತಿರವೇ ಇದೆ. ಡಬ್ಬ ಬೆಳಿಗ್ಗೆ ವಾಪಸು ಬಂತು, ನಲ್ಲಿಯ ವಾಷರ್ ಸವೆದಿತ್ತು, ಬದಲಿಸಿದೆ. ಅಕ್ಕ, ಕೇಳಬೇಕು ಎಂದಳು. ಫೋನಲ್ಲಿ ಕೇಳಿದೆಯಲ್ಲ ಎಂದೆ. ಫೋನಲ್ಲಿ ಕೇಳೋದು ಒಂದು ಕೇಳೋದೇ ಎಂದಳು. ಕುರ್ಚಿಯನ್ನು ಬೀದಿಗೆ ಹಾಕಿ, ಅವಳನ್ನು ಕರೆತಂದು, ಗಾಡಿಯನ್ನು ಅವಳ ಮಗ್ಗುಲಿಗೆ ತಂದು ನಿಲ್ಲಿಸಿದೆ. ಕಿಕ್ ಹೊಡೆದೆ.

ಅವಳು ಎರಡೂ ಕೈಯನ್ನು ಮಡಿಲಿನಿಂದ ಎತ್ತಿ ಹ್ಯಾಂಡಲ್ ಹಿಡಿದಳು. ಹಿಡಿತ ಜಾರದಿರಲೆಂದು ಮೇಲೆ ನನ್ನ ಕೈ ಇಟ್ಟೆ. ಎಂಜಿನ್ ಓಡುವಾಗ ಹ್ಯಾಂಡಲ್ ಹಿಡಿದವರೆಲ್ಲರ ಕೈಯೂ ನಡುಗುತ್ತದೆ. ಯಾವುದು ಅವಳದು, ಯಾವುದು ನನ್ನದು, ಯಾವುದು ಗಾಡಿಯದು ಎಂದು ಹೇಳಲು ಬರುವುದಿಲ್ಲ.

ಮಹಡಿಯವನು ಕಿಟಕಿ ತೆಗೆದು, "ಎಷ್ಟು ಹೊತ್ತು ರೀ ಇದು?" ಎಂದು ಕೂಗಿದ.

"ಪೆಟ್ರೋಲ್ ಮುಗಿಯೋವರೆಗೆ!" ಎಂದು ನಾನೂ ಕೂಗಿದೆ.

ಡಬ್ಬದ ತುಂಬ ಹಾಕಿದ್ದೆ.